ಪ್ರಸಿದ್ಧಿಯ ಉಡುಪು

2010ರ ಸೆಪ್ಟೆಂಬರ್ 12ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಎಂಟಿವಿ ವಾಹಿನಿಯ ಸಂಗೀತ ಪ್ರಶಸ್ತಿ ಸಮಾರಂಭ ನಡೆಯಿತು. ಅಂದು ಲೇಡಿ ಗಾಗಾ ಎಂಬ ಪಾಪ್ ಗಾಯಕಿ ಎಂಟು ಪ್ರಶಸ್ತಿಗಳನ್ನು ಗೆದ್ದರು. ಆದರೆ ಮರುದಿನ ಜನ ಮಾತಾಡಿದ್ದು ಆ ಪ್ರಶಸ್ತಿಗಳ ಬಗ್ಗೆಯಲ್ಲ, ಆಕೆ ತೊಟ್ಟಿದ್ದ ಉಡುಪಿನ ಬಗ್ಗೆ. ಅದು ಬಟ್ಟೆಯಿಂದ ಮಾಡಿದ್ದಾಗಿರಲಿಲ್ಲ. ಹಸಿ ದನದ ಮಾಂಸದ ತುಂಡುಗಳನ್ನು ಜೋಡಿಸಿ ಮಾಡಿದ ಉಡುಪಾಗಿತ್ತು. ತಲೆಯ ಮೇಲೆ ಮಾಂಸ, ಕೈಚೀಲಕ್ಕೆ ಮಾಂಸ, ಪಾದರಕ್ಷೆಗೂ ಸುತ್ತಿದ್ದು ಮಾಂಸವೇ.

ಫ್ರಾಂಕ್ ಫರ್ನಾಂಡೆಜ್ ಎಂಬ ವಿನ್ಯಾಸಕಾರ ಅದನ್ನು ಸಿದ್ಧಪಡಿಸಿದ್ದರು. ಪ್ರಾಣಿದಯಾ ಸಂಘಟನೆಯವರು ಖಂಡಿಸಿದರು, ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕೊನೆಗೆ ಆ ಮಾಂಸವನ್ನು ಕೆಡದಂತೆ ಸಂಸ್ಕರಿಸಿ, 2011ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಡಲಾಯಿತು. ಒಂದು ಬಡ ಕುಟುಂಬದ ಹಸಿವು ತಣಿಸಬಹುದಾಗಿದ್ದ ಆಹಾರ ಗಾಜಿನ ಪೆಟ್ಟಿಗೆಯೊಳಗಿನ ನೋಟದ ವಸ್ತುವಾಯಿತು.

ಪ್ರಿಯ ಓದುಗರೇ, ದೂರದ ನಾಡಿನ ಒಬ್ಬ ಹೆಣ್ಣುಮಗಳನ್ನು ಹೀಯಾಳಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಒಂದು ಜನಾಂಗ ಇನ್ನೊಂದು ಜನಾಂಗವನ್ನು, ಸ್ತ್ರೀಯರು ಬೇರೆ ಸ್ತ್ರೀಯರನ್ನು ಗೇಲಿ ಮಾಡಬಾರದೆಂದು ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ಎಚ್ಚರಿಸಿದೆ. ಸಂಗೀತದ ಕುರಿತಾದ ವಿದ್ವಾಂಸರ ಚರ್ಚೆಯೂ ಇಲ್ಲಿನ ವಿಷಯವಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮನುಷ್ಯ ಉಡುಪನ್ನು ತೊಡುವುದು ಯಾರಿಗಾಗಿ?

ಉಡುಪು ಕೂಗಿದಾಗ

ಆ ಉಡುಪಿಗೆ ಒಂದು ಉದ್ದೇಶವಿತ್ತೆಂದು ಲೇಡಿ ಗಾಗಾ ಅನಂತರ ವಿವರಿಸಿದರು. ಅಮೆರಿಕದ ಸೈನ್ಯದಲ್ಲಿ ಅಂದು ಜಾರಿಯಲ್ಲಿದ್ದ ಒಂದು ನಿಯಮವನ್ನು ಆಕೆ ವಿರೋಧಿಸುತ್ತಿದ್ದರು. ತಮ್ಮ ಹಕ್ಕುಗಳಿಗಾಗಿ ಎದ್ದು ನಿಲ್ಲದವರ ಬೆಲೆ ಮೂಳೆಯ ಮೇಲಿನ ಮಾಂಸದಷ್ಟೇ ಆಗಿಬಿಡುತ್ತದೆ ಎಂಬುದು ಅವರ ಮಾತಿನ ಸಾರ. ಆ ನಿಯಮದ ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಇಷ್ಟು ವರ್ಷಗಳ ಬಳಿಕ ಎಷ್ಟು ಮಂದಿಗೆ ಆ ಸಂದೇಶ ನೆನಪಿದೆ? ಮಾಂಸದ ಉಡುಪು ಮಾತ್ರ ಎಲ್ಲರಿಗೂ ನೆನಪಿದೆ. ಉಡುಪು ಕೂಗತೊಡಗಿದರೆ ತೊಟ್ಟವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಮಾಂಸದ ಉಡುಪಿನಿಂದ ಬೆರಗಾದ ಜನರನ್ನು ಮುಂದಿನ ಸಲ ಬೆರಗುಗೊಳಿಸುವುದು ಹೇಗೆ? 2011ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಾರಂಭಕ್ಕೆ ಆಕೆ ಬಂದದ್ದು ಒಂದು ದೊಡ್ಡ ಮೊಟ್ಟೆಯಾಕಾರದ ಗೂಡಿನೊಳಗೆ. ಅದನ್ನು ಕೆಲವರು ಹೊತ್ತು ತಂದಿದ್ದರು. ಜನರ ಕಣ್ಣಿನ ಹಸಿವು ಅಂಥದ್ದು. ನಿನ್ನೆಯ ವಿಸ್ಮಯ ಅದಕ್ಕೆ ಇಂದು ತಂಗಳು. ಆ ಹಸಿವನ್ನು ತಣಿಸಲು ಹೊರಟವನು ಒಡೆಯನಂತೆ ಕಂಡರೂ ನಿಜದಲ್ಲಿ ನೋಡುಗರ ಗುಲಾಮ.

ವಿಶೇಷವೆಂದರೆ ಆಕೆಗೆ ಆ ವೇಷದ ಅಗತ್ಯವೇ ಇರಲಿಲ್ಲ. ಎಳೆವಯಸ್ಸಿನಲ್ಲೇ ಪಿಯಾನೊ ಕಲಿತವರು ಆಕೆ. 2014ರಲ್ಲಿ ಹಿರಿಯ ಗಾಯಕ ಟೋನಿ ಬೆನೆಟ್‌ರೊಂದಿಗೆ ಹಳೆಯ ಹಾಡುಗಳನ್ನು ಹಾಡಿದಾಗ, ಜನ ಮೆಚ್ಚಿದ್ದು ಆಕೆಯ ಕಂಠವನ್ನು. 2016ರಲ್ಲಿ, ಎಳೆಯ ಪ್ರಾಯದಲ್ಲೇ ತೀರಿಕೊಂಡ ಸೋದರತ್ತೆಯ ಹೆಸರಿನಲ್ಲಿ ಆಲ್ಬಮ್ ಹೊರತಂದಾಗ, ಹಿಂದಿನ ವೇಷಗಳನ್ನು ಬಹುಮಟ್ಟಿಗೆ ಕಳಚಿಟ್ಟು ಸರಳ ಉಡುಪಿನಲ್ಲಿ, ಒಂದು ಟೊಪ್ಪಿ ತೊಟ್ಟು ಕಾಣಿಸಿಕೊಂಡರು. ದೇವನು ಕೊಟ್ಟ ಸಾಮರ್ಥ್ಯಕ್ಕೆ ವೇಷದ ಊರುಗೋಲು ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹದೀಸ್ ಏನೆನ್ನುತ್ತದೆ?

2008ರಲ್ಲಿ ಹೊರಬಂದ ಲೇಡಿ ಗಾಗಾರ ಮೊದಲ ಆಲ್ಬಮಿನ ಹೆಸರು ‘ದಿ ಫೇಮ್’. ಅಂದರೆ ಪ್ರಸಿದ್ಧಿ. ಅದಕ್ಕೆ ಹದಿನಾಲ್ಕು ಶತಮಾನಗಳ ಹಿಂದೆಯೇ ಪ್ರವಾದಿವರ್ಯರು(ಸ) ಇದೇ ಪದವನ್ನು ಉಡುಪಿಗೆ ಸೇರಿಸಿ ಎಚ್ಚರಿಸಿದ್ದರು. ಇಬ್ನು ಉಮರ್(ರ) ವರದಿ ಮಾಡಿದ, ಅಬೂದಾವೂದ್ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿರುವ ಹದೀಸಿನ ಆಶಯ ಹೀಗಿದೆ: ಇಹಲೋಕದಲ್ಲಿ ಪ್ರಸಿದ್ಧಿಯ ಉಡುಪನ್ನು ತೊಡುವವನಿಗೆ ಅಲ್ಲಾಹನು ಅಂತ್ಯದಿನ ಅಪಮಾನದ ಉಡುಪನ್ನು ತೊಡಿಸುವನು. ಜನರ ಕಣ್ಣುಗಳು ತನ್ನ ಮೇಲೆಯೇ ನೆಟ್ಟಿರಬೇಕೆಂದು ತೊಡುವ ಉಡುಪೇ ಪ್ರಸಿದ್ಧಿಯ ಉಡುಪು. ಅದು ಅತಿ ಬೆಲೆಬಾಳುವ ಉಡುಪೂ ಆಗಬಹುದು, ವೈರಾಗ್ಯದ ಪ್ರದರ್ಶನಕ್ಕಾಗಿ ತೊಟ್ಟ ಹರಕು ಬಟ್ಟೆಯೂ ಆಗಬಹುದು ಎಂದು ಹಿಂದಿನ ವಿದ್ವಾಂಸರು ವಿವರಿಸಿದ್ದಾರೆ.

ಹಾಗೆಂದು ಇಸ್ಲಾಮ್ ಅಂದದ ವಿರೋಧಿಯಲ್ಲ. ಅಲ್ ಅಅ್‌ರಾಫ್ ಅಧ್ಯಾಯದ 26ನೇ ಸೂಕ್ತದ ಪ್ರಕಾರ ಉಡುಪು ಅಲ್ಲಾಹನು ಇಳಿಸಿಕೊಟ್ಟ ಅನುಗ್ರಹ. ಅದು ಮಾನವನ್ನು ಮುಚ್ಚುತ್ತದೆ, ಅಲಂಕಾರವೂ ಆಗುತ್ತದೆ. ಎಲ್ಲಕ್ಕಿಂತ ಶ್ರೇಷ್ಠ ಉಡುಪು ತಖ್ವಾ, ಅಂದರೆ ದೇವಭಕ್ತಿಯ ಉಡುಪು. ಅನುಕೂಲವಿದ್ದೂ ಕಳಪೆ ಬಟ್ಟೆಯಲ್ಲಿ ಬಂದ ಒಬ್ಬರಿಗೆ, ಅಲ್ಲಾಹನು ನಿನಗೆ ಕೊಟ್ಟ ಅನುಗ್ರಹದ ಗುರುತು ನಿನ್ನ ಮೇಲೆ ಕಾಣಲಿ ಎಂಬರ್ಥದಲ್ಲಿ ಪ್ರವಾದಿ(ಸ) ತಿಳಿಹೇಳಿದ್ದರು. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವಲ್ಲ, ಸತ್ಯವನ್ನು ತಿರಸ್ಕರಿಸಿ ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದೂ ಕಲಿಸಿದ್ದರು.

ಪ್ರವಾದಿವರ್ಯರ(ಸ) ನಡವಳಿಕೆಯನ್ನೇ ನೋಡಿ. ಒಮ್ಮೆ ಚಿತ್ತಾರವಿದ್ದ ಹೊದಿಕೆಯನ್ನು ಹೊದ್ದು ನಮಾಝ್ ಮಾಡಿದರು. ಅದರ ಚಿತ್ತಾರ ತಮ್ಮ ಗಮನವನ್ನು ಸೆಳೆಯಿತೆಂದು, ನಮಾಝ್ ಮುಗಿದೊಡನೆ ಅದನ್ನು ಅಬೂ ಜಹ್ಮ್‌(ರ)ರವರಿಗೆ ಕಳುಹಿಸಿ, ಅವರ ಬಳಿಯಿದ್ದ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಆ ಚಿತ್ತಾರ ಯಾರ ಮುಂದೆಯೂ ಮೆರೆಯಲಿಕ್ಕಾಗಿ ಇರಲಿಲ್ಲ. ಆದರೂ ಮನಸ್ಸನ್ನು ಅಲ್ಲಾಹನಿಂದ ಕದಲಿಸುವಷ್ಟು ಅಂದವನ್ನೂ ಅವರು ಮೈಮೇಲೆ ಇಟ್ಟುಕೊಳ್ಳಲಿಲ್ಲ.

ಕಾರೂನನ ಮೆರವಣಿಗೆ

ಪವಿತ್ರ ಕುರ್‌ಆನ್ ಅಲ್ ಕಸಸ್ ಅಧ್ಯಾಯದಲ್ಲಿ ಕಾರೂನನ ವೃತ್ತಾಂತವನ್ನು ಹೇಳುತ್ತದೆ. ಅವನು ತನ್ನ ಸಕಲ ವೈಭವದೊಂದಿಗೆ ಜನರ ಮುಂದೆ ಹೊರಟು ಬಂದ. ಅದೂ ಒಂದು ವೇದಿಕೆಯೇ ಆಗಿತ್ತು. ನೋಡಿದವರಲ್ಲಿ ಎರಡು ಗುಂಪಾಯಿತು. ಐಹಿಕ ಜೀವನವನ್ನು ಬಯಸಿದವರು, ಇವನಿಗೆ ಸಿಕ್ಕಿದ್ದು ನಮಗೂ ಸಿಗಬಾರದಿತ್ತೇ ಎಂದು ಹಂಬಲಿಸಿದರು. ಜ್ಞಾನವುಳ್ಳವರು ಅವರನ್ನು ಮರುಗಿ ತಡೆದರು. ವಿಶ್ವಾಸವಿರಿಸಿ ಸತ್ಕರ್ಮ ಮಾಡಿದವರಿಗೆ ಅಲ್ಲಾಹನ ಪ್ರತಿಫಲವೇ ಮೇಲೆಂದು ನೆನಪಿಸಿದರು. ಕೊನೆಗೆ ಭೂಮಿ ಕಾರೂನನನ್ನು ಅವನ ಮನೆಯ ಸಮೇತ ನುಂಗಿತು. ನಿನ್ನೆ ಹಂಬಲಿಸಿದವರೇ ಮರುದಿನ ತಾವು ಪಾರಾದೆವೆಂದು ನಿಟ್ಟುಸಿರಿಟ್ಟರು. ವೈಭವ ಮೆರೆದವನ ಜೊತೆಗೆ ಅದನ್ನು ನೋಡಿ ಬಾಯಿ ಚಪ್ಪರಿಸಿದವರ ಕಥೆಯನ್ನೂ ಹೇಳಿರುವುದು ಸುಮ್ಮನೆ ಅಲ್ಲ.

ನಮ್ಮ ಮನೆಯ ಕನ್ನಡಿಯ ಮುಂದೆ

ನಾವು ಯಾರೂ ಮಾಂಸವನ್ನು ಉಡಲಿಲ್ಲ ಎಂದು ಸಮಾಧಾನಪಡುವ ಮುನ್ನ ನಮ್ಮ ಮದುವೆಗಳನ್ನೊಮ್ಮೆ ನೆನೆಯೋಣ. ಮೆಹಂದಿಗೆ ಒಂದು, ನಿಖಾಹ್‌ಗೆ ಒಂದು, ಔತಣಕ್ಕೆ ಇನ್ನೊಂದು ಜೋಡಿ. ಅಕ್ಕನ ಮದುವೆಯಲ್ಲಿ ತೊಟ್ಟ ಉಡುಪನ್ನು ಮಾವನ ಮಗಳ ಮದುವೆಗೆ ತೊಡುವಂತಿಲ್ಲ. ಏಕೆ? ಫೋಟೊದಲ್ಲಿ ಎಲ್ಲರೂ ನೋಡಿಬಿಟ್ಟಿದ್ದಾರೆ. ಮೊಬೈಲಿನ ಪರದೆ ಪ್ರತಿ ಮನೆಯ ಅಂಗಳವನ್ನೂ ವೇದಿಕೆಯಾಗಿಸಿದೆ. ಒಂದು ದಿನದ ಆ ಮೆರವಣಿಗೆಗಾಗಿ ಸಾಲ ಮಾಡಿದ ತಂದೆ ವರ್ಷಗಟ್ಟಲೆ ಕಂತು ಕಟ್ಟುತ್ತಾನೆ. ಹೊಸ ಬಟ್ಟೆ ಇಲ್ಲವೆಂಬ ಒಂದೇ ಕಾರಣಕ್ಕೆ ತಲೆನೋವಿನ ನೆಪ ಹೇಳಿ ಮದುವೆಗೆ ಬಾರದೆ ಉಳಿಯುವ ಬಡ ಸಂಬಂಧಿ ನಿಮ್ಮ ಕುಟುಂಬದಲ್ಲೂ ಇರಬಹುದು. ಅವಳ ಮನೆಯ ಬಾಗಿಲನ್ನು ಮುಚ್ಚಿದ್ದು ನಮ್ಮ ಉಡುಪೇ ಅಲ್ಲವೇ?

ಸಹೋದರರೇ, ಇದು ಹೆಂಗಸರ ರೋಗ ಮಾತ್ರವೆಂದು ತಿಳಿಯಬೇಡಿ. ಗಂಡಸರ ಕೈಗಡಿಯಾರ, ಬೈಕು, ಶೂಗಳೂ ಮೆರವಣಿಗೆ ಹೊರಡುತ್ತವೆ. ಸಹೋದರಿಯರೇ, ಕಣ್ಣುಗಳನ್ನು ತಡೆಯಲೆಂದು ಬಂದ ಬುರ್ಖಾವೇ ಮಿನುಗುವ ಕಲ್ಲುಗಳಿಂದ ಕಣ್ಣುಗಳನ್ನು ಕರೆಯುತ್ತಿದ್ದರೆ, ಅದು ತನ್ನ ಕೆಲಸವನ್ನು ಮರೆತಿದೆ.

ನಿಮ್ಮ ಮಗಳು ಮೊಬೈಲಿನಲ್ಲಿ ಇಂಥ ವೇಷಗಳನ್ನು ಕಂಡು ಕುತೂಹಲದಿಂದ ಕೇಳಿದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕಾರೂನನ ಕಥೆ ಹೇಳಿ. ಮುಂದಿನ ಸಲ ಬಟ್ಟೆ ಅಂಗಡಿಗೆ ಹೋದಾಗ ಮೂರು ಪ್ರಶ್ನೆಗಳನ್ನು ಅವಳೊಂದಿಗೆ ನೀವೂ ಕೇಳಿಕೊಳ್ಳಿ: ಇದು ನನ್ನ ಮಾನವನ್ನು ಕಾಯುತ್ತದೆಯೇ? ಇದರ ಬೆಲೆ ನನ್ನ ಶಕ್ತಿಯೊಳಗಿದೆಯೇ? ಯಾರೂ ನೋಡದಿದ್ದರೂ ಇದನ್ನು ನಾನು ಇಷ್ಟಪಟ್ಟು ತೊಡುವೆನೇ?

ಕೊನೆಗೆ ಎಲ್ಲರಿಗೂ ಸಿಗುವುದು ಕಫನ್‌ನ ಬಿಳಿ ಬಟ್ಟೆ. ಅದನ್ನು ನಾವು ಆರಿಸುವುದೂ ಇಲ್ಲ, ಕನ್ನಡಿಯಲ್ಲಿ ನೋಡಿಕೊಳ್ಳುವುದೂ ಇಲ್ಲ. ಅಂದು ಜೊತೆಗೆ ಬರುವುದು ತಖ್ವಾದ ಉಡುಪು ಮಾತ್ರ. ಅಲ್ಲಾಹನು ನಮ್ಮೆಲ್ಲರಿಗೂ ಅದನ್ನು ಕರುಣಿಸಲಿ, ಆಮೀನ್.