ಹಳೆಯ ಕಾವ್ಯಕ್ಕೆ ಕಿವಿಯೇ ಬಾಗಿಲು

ನಮ್ಮ ವಾಚನಾಲಯದ ಭಾನುವಾರದ ಕನ್ನಡ ತರಗತಿಗೆ ಬರುವವರಲ್ಲಿ ಎರಡು ಬಗೆಯವರುಂಟು. ಹೋಟೆಲು, ಕಾರಖಾನೆ, ಗೋದಾಮುಗಳಲ್ಲಿ ದುಡಿಯುವ ತರುಣರು ಒಂದು ಬಗೆ. ಇವರು ಊರಿನಲ್ಲಿ ಆರೋ ಏಳೋ ತರಗತಿ ಓದಿ ಬಿಟ್ಟವರು. ಗುಮಾಸ್ತರ ಮಕ್ಕಳು ಇನ್ನೊಂದು ಬಗೆ. ಇವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಬೇರೆ ಭಾಷೆಗಳನ್ನು ಓದುತ್ತಾರೆ. ಮೊದಲನೆಯವರಿಗೆ ಓದಿನ ರೂಢಿ ತಪ್ಪಿದೆ. ಎರಡನೆಯವರಿಗೆ ಅಕ್ಷರವೇ ಬಾರದು. ಆದರೆ ಇಬ್ಬರಿಗೂ ಒಂದು ಆಸ್ತಿ ಉಳಿದಿದೆ. ಅದು, ಕನ್ನಡವನ್ನು ಕೇಳಿದರೆ ತಿಳಿಯುವ ಕಿವಿ. ಅದೂ ಮುಚ್ಚಿಹೋದರೆ ಮುಂದಿನ ತಲೆಮಾರಿಗೆ ಕೊಡಲು ನಮ್ಮ ಕೈಯಲ್ಲಿ ಏನೂ ಉಳಿಯದು. ಇಂಥವರು ಹಳೆಯ ಕಾವ್ಯವನ್ನು ಹೇಗೆ ಕಲಿಯಬಹುದು ಎಂಬುದೇ ಈ ಪಾಠದ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕುಮಾರವ್ಯಾಸನ ಪಾಠವನ್ನು ನಾನು ಹಲಗೆಯ ಮೇಲೆ ಆರಂಭಿಸಿದೆ. ಕವಿಯ ಕಾಲ 15ನೆಯ ಶತಮಾನ, ಹೆಸರು ನಾರಣಪ್ಪ, ಗದುಗಿನ ವೀರನಾರಾಯಣನ ಭಕ್ತ, ಕೃತಿ ‘ಕರ್ಣಾಟ ಭಾರತ ಕಥಾಮಂಜರಿ’, ಪರ್ವಗಳು ಹತ್ತು, ಪದ್ಯಗಳು ಎಂಟು ಸಾವಿರಕ್ಕೂ ಹೆಚ್ಚು. ಎಲ್ಲವೂ ನಿಜವೇ. ಆದರೆ ಅರ್ಧ ಗಂಟೆಯೊಳಗೆ ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು, ಅವರನ್ನು ದೂರುವಂತಿರಲಿಲ್ಲ. ಕಾವ್ಯದ ವಿಳಾಸವನ್ನು ಹೇಳಿದೆನೇ ಹೊರತು ಕಾವ್ಯವನ್ನು ಹೇಳಲಿಲ್ಲ.

ಒಂದನೆಯ ಮೆಟ್ಟಿಲು: ಕೇಳುವುದು

ಈ ಕಾವ್ಯವು ಒಬ್ಬನೇ ಮೂಲೆಯಲ್ಲಿ ಕುಳಿತು ಕಣ್ಣಿನಿಂದ ಓದಲೆಂದು ಹುಟ್ಟಿದುದಲ್ಲ. ಒಬ್ಬನು ಹಾಡಿ ಓದುವುದು, ಹತ್ತಾರು ಜನ ಸುತ್ತ ಕುಳಿತು ಕೇಳುವುದು, ಇದು ನಮ್ಮ ನಾಡಿನ ಹಳೆಯ ರೂಢಿ. ಗುಡಿಯ ಅಂಗಳದಲ್ಲಿ, ಮನೆಯ ಜಗಲಿಯಲ್ಲಿ, ಹೊಲದ ಕೆಲಸ ಮುಗಿದ ಮೇಲೆ ಕೇಳಿದ ಎಷ್ಟೋ ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆ ಮಾತ್ರ ಪೂರ್ತಿ ಬರುತ್ತಿತ್ತು.

ಹೀಗೆ ಓದುವ ಕಲೆಗೆ ಗಮಕವೆಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ. ಇನ್ನೊಬ್ಬರು ಅದರ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸುತ್ತಾರೆ. ಸಂಗೀತ ಕಚೇರಿಯಂತೆ ಇಲ್ಲಿ ತಾಳದ ಕಟ್ಟಿಲ್ಲ. ರಾಗವು ಮಾತಿಗೆ ಸೇವಕ. ಮಾತು ಸ್ಪಷ್ಟವಾಗಿ ಕೇಳಬೇಕು, ಅದೇ ಮುಖ್ಯ. ಶಿವಮೊಗ್ಗದ ಬಳಿ ತುಂಗಾ ತೀರದ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಆದರೆ ಅವರ ಧ್ವನಿ ಮುದ್ರಣಗಳಲ್ಲಿ ಉಳಿದಿದೆ.

ಮುಂದಿನ ಭಾನುವಾರ ನಾನು ಹಲಗೆಯನ್ನು ಮುಟ್ಟಲಿಲ್ಲ. ಮೊಬೈಲಿನಿಂದ ಒಂದು ಗಮಕ ವಾಚನವನ್ನು ಹಾಕಿ, ಪುಸ್ತಕವನ್ನು ಮುಚ್ಚಿಟ್ಟು, ಹತ್ತು ನಿಮಿಷ ಸುಮ್ಮನೆ ಕೇಳಿರೆಂದೆ. ಮುಗಿದ ಮೇಲೆ ಯಾವ ಯಾವ ಪದ ತಿಳಿಯಿತು ಎಂದು ಕೇಳಿದೆ. ಪ್ರತಿಯೊಬ್ಬರೂ ಮೂರು ನಾಲ್ಕು ಪದ ಹೇಳಿದರು. ಎಲ್ಲವನ್ನೂ ಕೂಡಿಸಿದಾಗ ಕಥೆಯ ಅರ್ಧ ಭಾಗ ನಮ್ಮ ಮುಂದೆ ಬಂದಿತ್ತು. ತಿಳಿಯದ ಪದಗಳಿಂದ ಹೆದರಿಸುವುದಕ್ಕಿಂತ ತಿಳಿದ ಪದಗಳಿಂದ ಆರಂಭಿಸುವುದು ಲೇಸು.

ಎರಡನೆಯ ಮೆಟ್ಟಿಲು: ನಗುವುದು

ಯಾವ ಭಾಗವನ್ನು ಕೇಳಿಸಬೇಕು? ಹೊಸಬರಿಗೆ ವಿರಾಟ ಪರ್ವದ ಉತ್ತರನ ಪ್ರಸಂಗವೇ ಸೊಗಸು. ಕೌರವರು ವಿರಾಟನ ಗೋವುಗಳನ್ನು ಹಿಡಿದಿದ್ದಾರೆಂದು ಸುದ್ದಿ ಬರುತ್ತದೆ. ಅರಸನು ಇನ್ನೊಂದು ಕಡೆಯ ಯುದ್ಧಕ್ಕೆ ಹೋಗಿದ್ದಾನೆ. ರಾಜಕುಮಾರ ಉತ್ತರನು ಹೆಂಗಸರ ನಡುವೆ ಕುಳಿತು ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಬಾಯಲ್ಲೇ ಸೋಲಿಸುತ್ತಾನೆ. ಒಂದೇ ಅಡ್ಡಿ, ಒಳ್ಳೆಯ ಸಾರಥಿಯಿಲ್ಲ! ಸಾರಥಿಯಾಗಿ ಬೃಹನ್ನಳೆ ದೊರೆಯುತ್ತಾಳೆ. ಆಕೆ ಮರೆಯ ವೇಷದ ಅರ್ಜುನ. ರಥ ಓಡುತ್ತದೆ, ಕೌರವರ ಸೇನೆ ಕಾಣುತ್ತದೆ. ಆಗ ವೀರನ ಕೈಕಾಲು ನಡುಗಿ, ರಥದಿಂದ ಧುಮುಕಿ ಓಟ ಕೀಳುತ್ತಾನೆ. ಬೃಹನ್ನಳೆ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ.

ಪ್ರತಿ ಕಚೇರಿಯಲ್ಲಿಯೂ ಒಬ್ಬ ಉತ್ತರಕುಮಾರನಿರುತ್ತಾನೆ. ಸಾಹೇಬರು ರಜೆಯಲ್ಲಿರುವಾಗ ಸಾಹೇಬರನ್ನು ಸೋಲಿಸುವವನು! ಈ ಮಾತು ಹೇಳಿದೊಡನೆ ನಮ್ಮ ಗುಮಾಸ್ತರೆಲ್ಲ ನಕ್ಕರು. ನಗು ಬಂದ ಮೇಲೆ ಪದದ ಅರ್ಥ ಕೇಳುವ ಧೈರ್ಯವೂ ಬಂದಿತು.

ಆದರೆ ಕಥೆ ನಗುವಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಅರ್ಜುನನು ಹೆದರಿದ ಹುಡುಗನನ್ನು ಮನೆಗೆ ಕಳುಹಿಸಲಿಲ್ಲ. ಹಿಡಿದು ತಂದು, ಧೈರ್ಯ ಹೇಳಿ, ಬನ್ನಿಯ ಮರದಿಂದ ಆಯುಧಗಳನ್ನು ಇಳಿಸಿಕೊಂಡು, ಅವನನ್ನೇ ಸಾರಥಿ ಮಾಡಿದ. ಓಡಿದವನೇ ರಣದ ನಡುವೆ ಕುದುರೆಯ ಹಗ್ಗ ಹಿಡಿದು ಕುಳಿತ.

ನಮ್ಮ ತರಗತಿಯಲ್ಲಿ ಒಬ್ಬ ತರುಣ, ಕ್ಯಾಂಟೀನಿನಲ್ಲಿ ಕೆಲಸ. ಗಟ್ಟಿಯಾಗಿ ಓದು ಎಂದಾಗಲೆಲ್ಲ ‘ಕನ್ನಡಕ ತಂದಿಲ್ಲ’ ಎನ್ನುತ್ತಿದ್ದ. ಆ ದಿನ ಪಾಠ ಮುಗಿದ ಮೇಲೆ ನನ್ನ ಬಳಿ ಬಂದು, ‘ಉತ್ತರ ಸಾರಥಿ ಇಲ್ಲ ಅಂದ, ನಾನು ಕನ್ನಡಕ ಇಲ್ಲ ಅಂದೆ. ನನಗೆ ಒತ್ತಕ್ಷರ ಮರೆತುಹೋಗಿದೆ. ಹುಡುಗರ ಮುಂದೆ ನಾಚಿಕೆ’ ಎಂದ. ಅಂದಿನಿಂದ ತರಗತಿಗೆ ಅರ್ಧ ಗಂಟೆ ಮೊದಲು ಬರುತ್ತಾನೆ. ಒತ್ತಕ್ಷರಗಳು ಒಂದೊಂದಾಗಿ ಮರಳುತ್ತಿವೆ.

ಮೂರನೆಯ ಮೆಟ್ಟಿಲು: ಎಣಿಸುವುದು

ಛಂದಸ್ಸೆಂದರೆ ಹೆದರಬೇಡಿ, ಅದು ಬೆರಳಿನ ಲೆಕ್ಕ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಮುಂದೆ ಒತ್ತಕ್ಷರ ಬಂದರೆ ಅಥವಾ ಸೊನ್ನೆ ಇದ್ದರೆ ಹ್ರಸ್ವಕ್ಕೂ ಎರಡು. ಕುಮಾರವ್ಯಾಸನು ಬಳಸಿದ್ದು ಭಾಮಿನಿ ಷಟ್ಪದಿ. ಇದಕ್ಕೆ ಆರು ಸಾಲು. 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಮೂರು, ನಾಲ್ಕು ಎಂಬ ಜೋಡಿ ಮೂರು ಬಾರಿ ಬಂದು, ಕೊನೆಗೊಂದು ಗುರು, ಒಟ್ಟು 23. ಪೂರ್ತಿ ಪದ್ಯಕ್ಕೆ 102 ಮಾತ್ರೆ. ಇದಲ್ಲದೆ ಎಲ್ಲ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು; ಅದು ಪ್ರಾಸ.

ನಮ್ಮ ತರಗತಿಯಲ್ಲಿ ಲೋಕಲ್ ರೈಲಿನ ಮೇಲೆ ಅರ್ಧ ಷಟ್ಪದಿ ಕಟ್ಟಿದೆವು:

ಚಹವ ಕುಡಿಯುತ ರೈಲು ಹತ್ತಿದೆ
ಬಹಳ ಜನರಿರೆ ನೂಕು ನುಗ್ಗಲು
ಸಹಿಸಿ ನಿಂತೆನು ಕಾಲ ತುಳಿದರು ಮಾತನಾಡದೆಯೇ

ಮೇಜಿನ ಮೇಲೆ ಬೆರಳು ಬಡಿದು ಎಣಿಸಿರಿ. ‘ಚಹವ’ ಮೂರು, ‘ಕುಡಿಯುತ’ ನಾಲ್ಕು, ‘ರೈಲು’ ಮೂರು, ‘ಹತ್ತಿದೆ’ ನಾಲ್ಕು. ಚಹವ, ಬಹಳ, ಸಹಿಸಿ, ಇವುಗಳಲ್ಲಿ ಎರಡನೆಯದು ಹಕಾರ. ಇದು ಕಾವ್ಯವಲ್ಲ, ತಮಾಷೆ. ಆದರೆ ಈ ತಮಾಷೆ ಮಾಡಿದವನು ಮರುದಿನ ಗಮಕ ಕೇಳಿದರೆ ಆ ನಡೆಯನ್ನು ಕಿವಿಯಿಂದಲೇ ಗುರುತಿಸುತ್ತಾನೆ.

ನಾಲ್ಕನೆಯ ಮೆಟ್ಟಿಲು: ಹುಡುಕುವುದು

ಈಗ ಬಹುಮಂದಿಯ ಕೈಯಲ್ಲಿ ಮೊಬೈಲು ಇದೆ. ಅದನ್ನೇ ಪುಸ್ತಕದ ಕಪಾಟು ಮಾಡಿಕೊಳ್ಳಬಹುದು. ಯೂಟ್ಯೂಬಿನಲ್ಲಿ ‘ಕುಮಾರವ್ಯಾಸ ಭಾರತ ಗಮಕ’ ಎಂದು ಕನ್ನಡ ಲಿಪಿಯಲ್ಲಿಯೇ ಬರೆದು ಹುಡುಕಿರಿ. ಬರೆಯಲು ಬಾರದವರು ಮೈಕಿನ ಗುರುತನ್ನು ಒತ್ತಿ ಬಾಯಿಂದ ಹೇಳಿದರೂ ಆಗುತ್ತದೆ. ಮೂಲ ಪದ್ಯಗಳನ್ನು ಓದಲು ಕನ್ನಡ ವಿಕಿಸೋರ್ಸ್ ಎಂಬ ತಾಣವಿದೆ. ವಚನಗಳಿಗೆ ‘ವಚನ ಸಂಚಯ’ ತಾಣವಿದ್ದು, ಒಂದು ಪದ ಕೊಟ್ಟರೆ ಆ ಪದವಿರುವ ವಚನಗಳನ್ನು ತೆಗೆದುಕೊಡುತ್ತದೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಬಹಳ ಉಪಕಾರಿ. ಇವೆಲ್ಲವೂ ಉಚಿತ.

ಎರಡು ಎಚ್ಚರಿಕೆ ಮಾತ್ರ. ಒಂದು ಬಾರಿಗೆ ಹತ್ತು ನಿಮಿಷ ಸಾಕು. ಎರಡು ಗಂಟೆಯ ಮುದ್ರಣವನ್ನು ಒಮ್ಮೆಗೇ ಕೇಳಲು ಹೊರಟರೆ ಮರುದಿನ ಯಾರೂ ಕೇಳುವುದಿಲ್ಲ. ಎರಡನೆಯದು, ಒಬ್ಬರೇ ಕೇಳಬೇಡಿ. ಕೋಣೆಯ ಗೆಳೆಯರನ್ನೋ ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಜಗಲಿ ಹೋದರೂ ಜತೆ ಹೋಗಬೇಕಾಗಿಲ್ಲ.

ಅಭ್ಯಾಸ

1. ಈ ವಾರ ಉತ್ತರನ ಪ್ರಸಂಗವನ್ನು ಹತ್ತು ನಿಮಿಷ ಕೇಳಿ, ತಿಳಿದ ಐದು ಪದ, ತಿಳಿಯದ ಐದು ಪದ ಬರೆದು ತನ್ನಿ. ಬರೆಯಲಾರದವರು ನೆನಪಿಟ್ಟು ತನ್ನಿ.

2. ಮೇಲಿನ ರೈಲಿನ ಷಟ್ಪದಿಗೆ ಉಳಿದ ಮೂರು ಸಾಲು ಸೇರಿಸಿರಿ. ಸಹಜ, ಮಹಡಿ, ಬಹುದು ಮೊದಲಾದ ಪದಗಳಿಂದ ಆರಂಭಿಸಬಹುದು. ವಾಚನಾಲಯದ ಮೇಜಿನ ಮೇಲಿರುವ ನೋಟುಪುಸ್ತಕದಲ್ಲಿ ಬರೆಯಿರಿ. ಮುಂದಿನ ಭಾನುವಾರ ಗಟ್ಟಿಯಾಗಿ ಓದೋಣ.

3. ಊರಿಗೆ ಫೋನು ಮಾಡಿದಾಗ ಮನೆಯ ಹಿರಿಯರನ್ನು, ಅವರು ಕೇಳಿದ ಭಾರತ ವಾಚನದ ಬಗ್ಗೆ ವಿಚಾರಿಸಿರಿ. ನೆನಪಿರುವ ಪದ್ಯವನ್ನು ಹೇಳಿಸಿ, ಧ್ವನಿ ಮುದ್ರಿಸಿಕೊಳ್ಳಿ. ಇದನ್ನು ನಾಳೆಗೆಂದು ಬಿಡಬೇಡಿ.