ಎತ್ತಿಗೆ ಸೋಮವಾರ ಸೂಟಿ, ಅವ್ವಗೆ ಯಾವ ವಾರ?



ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಕೆಲಸ ಇರಲಿ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಲ್ಲ. ಸಾಲಿಗೆ ಭಾನುವಾರ ಸೂಟಿ. ಬ್ಯಾಂಕಿಗೆ ಭಾನುವಾರದ ಜೊತೆಗೆ ತಿಂಗಳಲ್ಲಿ ಎರಡು ಶನಿವಾರವೂ ಸೂಟಿ. ಹಾಗಾದರೆ ಮನೆಯ ಹೆಣ್ಣುಮಗಳಿಗೆ? ಅದರಲ್ಲೂ ಸೊಂಟದ ಮೇಲೆ ಒಂದು ಸಣ್ಣ ಕೂಸು ಇದ್ದವಳಿಗೆ?

ಇಳಕಲ್ಲಿನ ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಿದೆವು. ಎಲ್ಲರೂ ನಕ್ಕರು. ಹಿಂದೆ ಕೂತ ಒಬ್ಬ ಅಕ್ಕ ಅಂದಳು: "ಸೂಟಿ ಅಂದ್ರ ಮನ್ಯಾಗ ಮಂದಿ ಹೆಚ್ಚು, ರೊಟ್ಟಿ ಹೆಚ್ಚು, ಮುಸುರಿ ಹೆಚ್ಚು ರೀ ಅಕ್ಕೋರ. ನಮಗ ಸೂಟಿ ಇಲ್ಲದ ದಿನಾನ ಆರಾಮ."

ಈ ಮಾತು ಸುಳ್ಳಲ್ಲ. ಬಾದಾಮಿಯ ಹತ್ತಿರ ಬನಶಂಕರಿಗೆ ಹೋದವರು ನೋಡಿರಬಹುದು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಹೆಣ್ಣುಮಕ್ಕಳು ಮಾರುತ್ತಾರೆ. ಮಂದಿಗೆ ಸೂಟಿ ಇದ್ದ ದಿನವೇ ಅವರಿಗೆ ವ್ಯಾಪಾರ. ಬನದ ಹುಣ್ಣಿಮೆ ಜಾತ್ರೆ ಬಂದರಂತೂ ಕೇಳುವುದೇ ಬೇಡ.

ಆದರೆ ನಮ್ಮ ಹಿರಿಯರು ಹೆಣ್ಣುಮಕ್ಕಳಿಗೂ ಒಂದು ಸೂಟಿ ಇಟ್ಟಿದ್ದಾರೆ. ಅದು ನಾಗರ ಪಂಚಮಿ. ಶ್ರಾವಣ ಬಂತು ಅಂದರೆ ಅಣ್ಣ ಕರೆಯಲು ಬರುತ್ತಾನೆ, ತಂಗಿ ತವರಿಗೆ ಹೋಗುತ್ತಾಳೆ. ಈ ಹಬ್ಬದ ಅಡಿಗೆಯನ್ನು ಸ್ವಲ್ಪ ಲಕ್ಷ್ಯ ಕೊಟ್ಟು ನೋಡಿ. ಮೊದಲ ದಿನ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲವನ್ನೂ ಕಡಕ್ ಮಾಡಿ ಇಡುತ್ತೇವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಾಳಿನ ಪಲ್ಯ ಇಟ್ಟು ಓಣಿಯ ಮನೆಮನೆಗೆ ಕೊಡುತ್ತೇವೆ. ಅವರ ಮನೆಯದು ನಮಗೆ ಬರುತ್ತದೆ. ಉಂಡಿಗಳೂ ಆ ಹೊತ್ತಿಗೆ ಡಬ್ಬಿ ಸೇರಿರುತ್ತವೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ. ಮರುದಿನ ಚೌತಿ. ಅದರ ಮರುದಿನ ಪಂಚಮಿ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು ಅಂತ ನೇಮ. ಕರಿಯಬಾರದು, ಹೆಚ್ಚಬಾರದು ಅನ್ನುವ ಮನೆಗಳೂ ಇವೆ. ಹಬೆಯಲ್ಲಿ ಬೇಯಿಸಿದ ಕಡುಬು ಆದರೆ ಸಾಕು.

ನೇಮ ಮಾಡಿದ್ದು ನಾಗಪ್ಪನ ಹೆಸರಿನಲ್ಲಿ. ಲಾಭ ಆದದ್ದು ರೊಟ್ಟಿ ಬಡಿಯುವ ಕೈಗೆ! ಆ ದಿನ ಹೆಣ್ಣುಮಕ್ಕಳು ಜೋಕಾಲಿ ಆಡಬೇಕು. ಅದೇ ಅವರ ಕೆಲಸ.

(ಹಾಲಿನ ಬಗ್ಗೆ ಒಂದು ಮಾತು. ಹಾವು ಹಾಲು ಕುಡಿದು ಬದುಕುವ ಪ್ರಾಣಿ ಅಲ್ಲ. ಅದಕ್ಕೆ ಇಲಿ, ಕಪ್ಪೆ ಬೇಕು. ಕೆಲವು ಊರುಗಳಲ್ಲಿ ಈಗ ಹುತ್ತಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುತ್ತಿದ್ದಾರೆ.)

ಇನ್ನು ನಮ್ಮ ಮನೆಯ ಕಥೆ ಹೇಳುತ್ತೇವೆ. 2024ರಲ್ಲಿ ಪಂಚಮಿ ಆಗಸ್ಟ್ 9ಕ್ಕೆ ಬಂದಿತ್ತು. ಶುಕ್ರವಾರ. ನಾವು ಸಾಲಿಗೆ ರಜೆ ಹಾಕಿ, ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಹೋದೆವು. ಹುನಗುಂದದ ಹತ್ತಿರ ಒಂದು ಹಳ್ಳಿ. ಅಕ್ಕತಂಗಿಯರು, ಅಣ್ಣತಮ್ಮಂದಿರು, ಅವ್ವ, ಅಪ್ಪ, ದೊಡ್ಡವ್ವ, ಮಕ್ಕಳು. ಎಲ್ಲಾ ಸೇರಿ ಮನೆಯಲ್ಲಿ 14 ಮಂದಿ.

ಚೌತಿಯ ದಿನ ಮಧ್ಯಾಹ್ನ. ಉಂಡಿ ಕಡಿಮೆ ಬಿದ್ದವು ಅಂತ ಇನ್ನಷ್ಟು ಶೇಂಗಾ ಹುರಿದು ಮೊರದಲ್ಲಿ ಆರಲು ಹಾಕಿದ್ದೆವು. ಮಕ್ಕಳು ಪಡಸಾಲೆಯಲ್ಲಿ ಜೋಕಾಲಿ ಆಡುತ್ತಿದ್ದರು. ನಮ್ಮ ಮಗಳು ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡು ಜೋಕಾಲಿ ಹತ್ತಿದಳು. ಅಕ್ಕನ ಮಗ ಜೀಕಿದ. ಅವಳು ಕೇಕೆ ಹಾಕಿ ನಕ್ಕಳು. ನಗು ಅರ್ಧಕ್ಕೆ ನಿಂತಿತು.

ಅಳಲಿಲ್ಲ. ಕೆಮ್ಮಲಿಲ್ಲ. ಬಾಯಿ ತೆರೆದಳು, ದನಿ ಬರಲಿಲ್ಲ. ತುಟಿ ನೀಲಿ ಆಗತೊಡಗಿತು.

ಮನೆಯಲ್ಲಿ 14 ಮಂದಿ ಇದ್ದೆವು. ಆ ಗಳಿಗೆ ಕೂಸಿನ ಮೇಲೆ ಒಬ್ಬರ ಕಣ್ಣೂ ಇರಲಿಲ್ಲ. ನಾವು ಅವ್ವ ನೋಡುತ್ತಾಳೆ ಅಂದುಕೊಂಡಿದ್ದೆವು. ಅವ್ವ, ತಂಗಿ ಇದ್ದಾಳಲ್ಲ ಅಂದುಕೊಂಡಿದ್ದಳು. ತಂಗಿ ಕಡುಬಿನ ಹಿಟ್ಟು ಬೀಸಿಸಲು ಹೋಗಿದ್ದಳು. ಇಳಕಲ್ಲಿನ ನಮ್ಮ ಮನೆಯಲ್ಲಿ ಇರುವವರು ಮೂರೇ ಮಂದಿ. ಅಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಮಂದಿ ಹೆಚ್ಚಾದಲ್ಲಿ ಕೂಸು ಯಾರದೂ ಅಲ್ಲದ ಹಾಗೆ ಆಗುತ್ತದೆ.

ಹಿತ್ತಲಿನಿಂದ ಬಂದ ದೊಡ್ಡವ್ವ ನೋಡಿದಳು. ಕೂಸನ್ನು ತನ್ನ ಮೊಳಕಾಲ ಮೇಲೆ ಮುಂದಕ್ಕೆ ಬಗ್ಗಿಸಿದಳು. ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ, ಅಂಗೈಯ ಬುಡದಿಂದ ಗಟ್ಟಿಯಾಗಿ ಗುದ್ದಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಶೇಂಗಾ ಹೊರಗೆ ಬಂತು. ಆಮೇಲೆ ಅಳು ಬಂತು. ಅಂಥ ಸಿಹಿ ಅಳು ನಾವು ಎಂದೂ ಕೇಳಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದನ್ನು ಎರಡು ಸಲ ಓದಿ.

ಸಣ್ಣ ಮಕ್ಕಳ ಉಸಿರಿನ ಕೊಳವೆ ಬಹಳ ಕಿರಿದು. ಅವರಿಗೆ ಶೇಂಗಾದಂಥ ಗಟ್ಟಿ ಕಾಳನ್ನು ಚೆನ್ನಾಗಿ ಅಗಿಯಲು ಬರುವುದಿಲ್ಲ. ಆದ್ದರಿಂದ ಐದು ವರ್ಷ ತುಂಬುವ ತನಕ ಇಡೀ ಶೇಂಗಾ, ಪುಠಾಣಿ ಕೊಡಬಾರದು. ಕುಟ್ಟಿ ಪುಡಿ ಮಾಡಿ ಕೊಡಿ. ಉಂಡಿಯನ್ನು ಮುರಿದು, ಕೂಡಿಸಿ ತಿನ್ನಿಸಿ. ಓಡುವಾಗ, ನಗುವಾಗ, ಜೋಕಾಲಿ ಮೇಲೆ ಇದ್ದಾಗ ಬಾಯಲ್ಲಿ ಏನೂ ಇರಬಾರದು.

ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ನೀರು ಕುಡಿಸಬೇಡಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ದನಿಯೇ ಬರದಿದ್ದರೆ ದೊಡ್ಡವ್ವ ಮಾಡಿದ ಹಾಗೆ ಬೆನ್ನಿಗೆ ಐದು ಗುದ್ದು. ಬರಲಿಲ್ಲವೇ? ಒಂದು ವರ್ಷ ದಾಟಿದ ಮಗು ಆದರೆ ಹಿಂದೆ ನಿಂತು ತಬ್ಬಿಕೊಳ್ಳಿ. ಹೊಕ್ಕಳಿಗಿಂತ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಮತ್ತೆ ಬೆನ್ನಿಗೆ ಐದು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ ಬೆನ್ನಿಗೆ ಐದು. ಆಮೇಲೆ ಅಂಗಾತ ಮಾಡಿ ಎದೆಯ ನಡುವೆ ಐದು ಸಲ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಕಾಳು ಹೊರಗೆ ಬಂದ ಮೇಲೂ ಕೆಮ್ಮು, ಸುಯ್ ಸುಯ್ ಸಪ್ಪಳ ಉಳಿದರೆ ಡಾಕ್ಟರಿಗೆ ತೋರಿಸಿ. ಹೊಟ್ಟೆ ಒತ್ತಿದ್ದರಂತೂ ತೋರಿಸಲೇಬೇಕು. ಓದಿದ್ದು ಸಾಲದು, ನರ್ಸಕ್ಕನ ಹತ್ತಿರ ಒಮ್ಮೆ ಮಾಡಿ ತೋರಿಸಿಕೊಳ್ಳಿ.

ಆ ಸಂಜೆ ಯಾರಿಗೂ ಊಟ ಸೇರಲಿಲ್ಲ. ದೊಡ್ಡವ್ವ ಉಂಡಿ ಡಬ್ಬಿ, ಶೇಂಗಾ ಚೀಲ ಎರಡನ್ನೂ ಮಾಡಿನ ಮೇಲೆ ಇಡಿಸಿದಳು. ಆಮೇಲೆ ಒಂದು ಸೀಮೆಸುಣ್ಣ ಕೇಳಿದಳು. ದೊಡ್ಡವ್ವ ಓದು ಬರಹ ಕಲಿತದ್ದು 58ನೇ ವಯಸ್ಸಿಗೆ. ಅಡಿಗೆಮನೆಯ ಬಾಗಿಲ ಹಲಗೆಯ ಮೇಲೆ ನಿಧಾನವಾಗಿ ಬರೆದಳು:

ಕೂಸಿನ ಪಾಳಿ
ಮುಂಜಾನೆ – ಮಾವ
ಮಧ್ಯಾಹ್ನ – ಅವ್ವ
ಸಂಜಿ – ಅಜ್ಜ

"ಯಾರ ಪಾಳಿ ಐತಿ, ಅವರು ಬ್ಯಾರೆ ಕೆಲಸ ಮಾಡಬಾರದು. ಉಳಿದವರು ಆರಾಮ ಇರ್ರಿ," ಅಂದಳು. ನಮ್ಮ ತಮ್ಮ ನಕ್ಕ. "ನಾ ಕೂಸು ಆಡಸಬೇಕೇನು?" ಅಂದ. ಅಪ್ಪ ಹಲಗೆ ಕಡೆ ನೋಡಿ ಅಂದರು: "ಬರದಾರಲ್ಲಪಾ, ಇನ್ನೇನು ಮಾಡೂದು." ಬಾಯಿಂದ ಹೇಳಿದ್ದರೆ ಗಾಳಿಗೆ ಹೋಗುತ್ತಿತ್ತು. ಬರೆದದ್ದು ಹಲಗೆಯ ಮೇಲೆ ಉಳಿಯಿತು.

ಮರುದಿನ ಪಂಚಮಿ. ಮುಂಜಾನೆ ಮಾವನ ಪಾಳಿ. ಒಣ ಕೊಬ್ಬರಿ ಬಟ್ಟಲಿಗೆ ತೂತು ಮಾಡಿ, ದಾರ ಹಾಕಿ ಗಿರಗಿರ ತಿರುಗಿಸಿ ತೋರಿಸಿದ. ನಾವು ಒಂಬತ್ತು ಗಂಟೆಯ ತನಕ ಮಲಗಿದೆವು. ಎಷ್ಟು ವರ್ಷವಾಗಿತ್ತೋ ಹಾಗೆ ಮಲಗಿ.

ಮಧ್ಯಾಹ್ನ ನಮ್ಮ ಪಾಳಿ. ಬೇರೆ ಕೆಲಸ ಇಲ್ಲ. ಚಾಪೆ ಹಾಸಿ ಮಗಳ ಜೊತೆ ಅಡ್ಡಾದೆವು. ಒಂದು ಇರುವೆ ಬೆಲ್ಲದ ಚೂರು ಹೊತ್ತುಕೊಂಡು ಹೊರಟಿತ್ತು. "ಎಲ್ಲಿಗೆ ಹೊಂಟೈತಿ?" ಅಂದಳು. "ತವರಿಗೆ," ಅಂದೆವು. "ಅದರ ಅಣ್ಣ ಯಾಕ ಬಂದಿಲ್ಲ ಕರಿಯಾಕ?" ಅಂದಳು. ಅರ್ಧ ತಾಸು ಇರುವೆಯ ತವರಿನ ಮಾತೇ ನಡೆಯಿತು. ಆಮೇಲೆ ನಮ್ಮನ್ನು ಆಕಳು ಮಾಡಿ ಹಾಲು ಕರೆದಳು.

ಮೊದಮೊದಲು ನಮಗೆ ಕಸಿವಿಸಿ ಆಯಿತು. ಸುಮ್ಮನೆ ಬಿದ್ದಿದ್ದೇವಲ್ಲ, ನೋಡಿದವರು ಏನಂದಾರು ಅಂತ. ತರಬೇತಿಯಲ್ಲಿ ಮಕ್ಕಳ ಬಗ್ಗೆ ಓದಿ ಪರೀಕ್ಷೆ ಬರೆದವರು ನಾವು. ಆದರೂ ಹೀಗೆ ಅನ್ನಿಸಿತು. ಮಗುವಿನ ಮಿದುಳು ಐದು ವರ್ಷದ ಹೊತ್ತಿಗೆ ದೊಡ್ಡವರ ಮಿದುಳಿನ ಗಾತ್ರದ ಸುಮಾರು ನೂರಕ್ಕೆ 90ರಷ್ಟು ಬೆಳೆದಿರುತ್ತದೆ. ಆ ಬೆಳವಣಿಗೆಗೆ ಅನ್ನ, ನಿದ್ದೆ ಬೇಕು. ಮಾತೂ ಬೇಕು. ಮಗ್ಗದ ಲಾಳಿ ನೋಡಿದ್ದೀರಲ್ಲ? ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ಕೂಸು ಒಂದು ಮಾತು ಒಗೆಯುತ್ತದೆ, ನೀವು ಒಂದು ಮಾತು ತಿರುಗಿ ಒಗೆಯಬೇಕು. ಹಾಗೆ ಅರಿವೆ ಆದಂತೆ ಮಾತು ಬೆಳೆಯುತ್ತದೆ. ಮೊಬೈಲು ಲಾಳಿಯನ್ನು ಒಂದೇ ಕಡೆಯಿಂದ ಒಗೆಯುತ್ತದೆ. ಎರಡು ವರ್ಷ ತುಂಬದ ಕೂಸಿಗೆ ಮೊಬೈಲು, ಟಿವಿ ತೋರಿಸುವುದೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆ ಆದಷ್ಟೂ ಒಳ್ಳೆಯದು.

ಇದನ್ನು ಕೇಂದ್ರದಲ್ಲಿ ಹೇಳಿದಾಗ ಕಂಡಿಕೆ ಸುತ್ತುವ ಒಬ್ಬ ತಂಗಿ ಎದ್ದು ನಿಂತಳು. "ಅಕ್ಕೋರ, ನಿಮಗ ಪಗಾರದ ರಜಾ ಐತಿ. ನಮ್ಮ ಕೈ ನಿಂತರ ಕೂಲಿ ನಿಂತಂಗ." ನಮಗೆ ಉತ್ತರ ಕೊಡಲು ಆಗಲಿಲ್ಲ. ಅವಳ ಮಾತು ಖರೆ. ಇಳಕಲ್ಲ ಸೀರೆಯ ಸೆರಗನ್ನೂ ಒಡಲನ್ನೂ ಜೋಡಿಸುವ ತೋಪು ತೆಣಿಯ ಹೆಸರು ದೇಶದ ತುಂಬ ಹೋಗಿದೆ. ಮನೆಯಲ್ಲಿ ಕೂತು ರಾಟಿ ತಿರುಗಿಸುವವಳ ಹೆಸರು ಯಾರಿಗೆ ಗೊತ್ತು?

ಆ ದಿನ ವರ್ಗದಲ್ಲಿ ಅಕ್ಷರ ಬಿಟ್ಟು ಇದನ್ನೇ ಮಾತಾಡಿದೆವು. ಒಂದೇ ಓಣಿಯ ನಾಲ್ಕು ಮನೆಯವರು ಒಂದು ದಾರಿ ಹುಡುಕಿದರು. ಅಂಗನವಾಡಿಗೆ ಸೂಟಿ ಇದ್ದ ದಿನ ಒಬ್ಬರ ಮನೆಯಲ್ಲಿ ನಾಲ್ಕೂ ಮನೆಯ ಕೂಸುಗಳು. ಪಾಳಿ ಇದ್ದವಳ ರಾಟಿ ಆ ದಿನ ಎರಡು ತಾಸು ನಿಲ್ಲುತ್ತದೆ. ಉಳಿದ ಮೂವರ ರಾಟಿ ನಿಶ್ಚಿಂತೆಯಿಂದ ತಿರುಗುತ್ತದೆ. ಇದರಿಂದ ಎಲ್ಲಾ ಕಷ್ಟ ತೀರಿತು ಅಂತ ನಾವು ಹೇಳುವುದಿಲ್ಲ. ಒಬ್ಬಳ ಗಂಡ ಇನ್ನೂ ಪಾಳಿಗೆ ಒಪ್ಪಿಲ್ಲ.

ಮಗ್ಗದ ಮನೆಯವರಿಗೆ ಮತ್ತೊಂದು ಮಾತು. ನಮ್ಮಲ್ಲಿ ಕುಣಿ ಮಗ್ಗಗಳಿವೆ. ಕೆಲಸ ನಿಂತ ದಿನ ಆ ಕುಣಿ ಖಾಲಿ ಇರುತ್ತದೆ, ತೆವಳುವ ಕೂಸು ಅದರಲ್ಲಿ ಬೀಳುತ್ತದೆ. ಸೂಟಿಯ ದಿನ ಕುಣಿಯ ಮೇಲೆ ಹಲಗೆ ಮುಚ್ಚಿ. ಉಳಿದ ಬಣ್ಣದ ನೂಲನ್ನು ಮಕ್ಕಳಿಗೆ ತೋರಿಸಿ. ಕೆಂಪು ಯಾವುದು, ಹಸಿರು ಯಾವುದು ಅಂತ ಬೇರೆ ಮಾಡಲಿ. ಅದು ಆಟ. ಅದೇ ಕೂಸನ್ನು ದಿನಾ ಕೂಡಿಸಿ ನೂಲು ಬಿಡಿಸಲು ಹಚ್ಚಿದರೆ ಅದು ದುಡಿಮೆ. ಅದು ಬೇಡ.

ಜೋಕಾಲಿ ಎಲ್ಲಿ ಕಟ್ಟುವುದು ಅನ್ನುವುದೂ ಈಗ ಒಂದು ಪ್ರಶ್ನೆ. ಹಳೆಯ ಮನೆಗಳಲ್ಲಿ ತೊಲೆ ಇತ್ತು, ತೊಲೆಗೆ ಕಬ್ಬಿಣದ ಕೊಂಡಿ ಇತ್ತು. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಮನೆ ಮುಳುಗಿದವು. ಮಂದಿ ನವನಗರಕ್ಕೆ ಹೋದರು. ಅಲ್ಲಿ ಸಿಮೆಂಟಿನ ಸ್ಲ್ಯಾಬು. ಕೊಂಡಿ ಹಾಕಿಸಿದವರು ಪುಣ್ಯವಂತರು, ಉಳಿದವರು ಬೇವಿನ ಗಿಡ ಹುಡುಕುತ್ತಾರೆ. ಎಲ್ಲಿಯೇ ಕಟ್ಟಿ, ಹೊಸ ಹಗ್ಗ ಕಟ್ಟಿ. ಮೊದಲು ದೊಡ್ಡವರು ಕೂತು ಜೀಕಿ ನೋಡಿ. ಸೀರೆಯ ಜೋಕಾಲಿಯಲ್ಲಿ ಸಣ್ಣ ಮಕ್ಕಳನ್ನು ಒಂಟಿಯಾಗಿ ಬಿಡಲೇಬೇಡಿ. ಅದು ಹುರಿಯಾಗಿ ಕೊರಳಿಗೆ ಬಿಗಿಯುತ್ತದೆ.

ಆ ಪಂಚಮಿ ಸಂಜೆ ಅಜ್ಜನ ಪಾಳಿ ಇತ್ತು. ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಸಣ್ಣಗೆ ಜೀಕಿದರು. ದೊಡ್ಡವ್ವ ಎದುರು ಕೂತು ಎಣಿಸಿದಳು. ನೂರು ಆದ ಮೇಲೆ ಮಗಳು ಅಂದಳು: "ಇನ್ನೊಮ್ಮೆ ಒಂದರಿಂದ."

ಬರೆಯೋಣ

ಮುಂದಿನ ಸೂಟಿಗೆ ನಿಮ್ಮ ಮನೆಯ ಪಾಳಿಯನ್ನು ಇಲ್ಲಿ ಬರೆಯಿರಿ. ಆಮೇಲೆ ಗೋಡೆಯ ಮೇಲೆ ಬರೆಯಿರಿ. ಗಂಡಸರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಕೂಸಿನ ಹೆಸರು: ....................
ಮುಂಜಾನೆ: ....................
ಮಧ್ಯಾಹ್ನ: ....................
ಸಂಜೆ: ....................