ಮೊದಲು ಎಲೆ ಉದುರುತ್ತದೆ

ಕಟಕೋಳ
ಭಾರತ ಹುಣ್ಣಿಮೆಯ ಮರುದಿನ

ಚಿರಂಜೀವಿ ಮೊಮ್ಮಗಳಿಗೆ ನಿನ್ನ ಆಯಿ ಮಾಡುವ ಆಶೀರ್ವಾದಗಳು.

ನೀನು ಮೊಬೈಲಿಗೆ ಕಳಿಸಿದ ಟಬೂಬಿಯಾ ಹೂವಿನ ಫೋಟೋ ನೋಡಿದೆ. ‘ಆಯೀ, ಬೆಂಗಳೂರಿಗೆ ವಸಂತ ಬಂತು’ ಅಂತ ಬರೆದಿದ್ದಿ. ಕಣ್ಣು ತಣಿಯಿತು ಯವ್ವಾ. ಆದರೆ ಗಿಡ ಮೈತುಂಬ ಹೂ ಬಿಟ್ಟ ಮೇಲೆ ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ವಸಂತ ಇನ್ನೂ ಬರುತ್ತಿರುವಾಗಲೇ ಗುರುತಿಸುವುದನ್ನು ನಿನಗೆ ಕಲಿಸಬೇಕೆಂದು ನನಗೆ ಬಹಳ ದಿನದಿಂದ ಆಸೆ. ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ ಅಂತ ಕಾಗದ ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಿನ ಬೇವಿನ ಗಿಡ ಎಲೆ ಉದುರಿಸಲು ಶುರು ಮಾಡಿದೆ. ಮುಂಜಾನೆ ಕಸ ಹೊಡೆದರೆ ಮಧ್ಯಾಹ್ನಕ್ಕೆ ಅಂಗಳ ಮತ್ತೆ ಹಳದಿ. ನಿನ್ನ ಅವ್ವ ಬೇಸರ ಮಾಡಿಕೊಳ್ಳುತ್ತಾಳೆ. ನನಗೆ ಮಾತ್ರ ಆ ಎಲೆ ನೋಡಿದರೆ ಹಿಗ್ಗು. ನಮ್ಮ ರಾಮದುರ್ಗದ ಬಯಲುಸೀಮೆಯಲ್ಲಿ ವಸಂತದ ಮೊದಲ ಗುರುತು ಹಸಿರಲ್ಲ, ಈ ಉದುರುವಿಕೆ. ಮುಂದೆ ಬಿಸಿಲು ಏರುತ್ತದೆ, ಎರಿ ಹೊಲ ಬಿರುಕು ಬಿಡುತ್ತದೆ. ಹಳೆಯ ಎಲೆ ಇಟ್ಟುಕೊಂಡರೆ ಅದರೊಳಗಿಂದ ನೀರು ಆರಿಹೋಗುತ್ತದೆ. ಅದಕ್ಕೆ ಗಿಡ ಮೊದಲು ಹೊರೆ ಇಳಿಸಿ, ಆಳದ ಬೇರಿನಿಂದ ಏರಿದ ನೀರನ್ನು ಹೊಸ ಕುಡಿಗೆ ಕೊಡುತ್ತದೆ. ಮಳೆಯ ಹನಿ ಬೀಳದೆಯೂ ಬೇವು ಚಿಗಿಯುವುದು ಹೀಗೆ. ಎಲೆ ಕಳಚಿದ ಟೊಂಗೆಯ ತುದಿಯನ್ನು ಹತ್ತಿರದಿಂದ ನೋಡು: ಸಣ್ಣ ಗಂಟು ಉಬ್ಬಿರುತ್ತದೆ. ಕೆಲವೇ ದಿನಕ್ಕೆ ಅಲ್ಲಿಂದ ತಾಮ್ರದ ಬಣ್ಣದ ಚಿಗುರು. ಆ ಕೆಂಪು, ಎಳೆ ಎಲೆಯನ್ನು ಸುಡುಬಿಸಿಲಿನಿಂದ ಕಾಯುತ್ತದೆ ಎಂದು ಸಸ್ಯಶಾಸ್ತ್ರ ಓದಿದವರು ಹೇಳುತ್ತಾರೆ.

ಮಾವು ಈ ಸಲ ಚೆನ್ನಾಗಿ ಹೂ ಹಿಡಿದಿದೆ. ರಾತ್ರಿಯ ಥಂಡಿ ಬಿದ್ದರೆ ಮಾವಿನ ಕುಡಿ ಚೆನ್ನಾಗಿ ಹೂವಾಗುತ್ತದೆ, ಇಲ್ಲದಿದ್ದರೆ ಹೆಚ್ಚಾಗಿ ಬರೀ ಎಲೆ. ಪಕ್ಕದ ಹಿತ್ತಲಿನವರು ಅರಳಿದ ಹೂವಿಗೇ ಜಿಗಿಹುಳ ಕೊಲ್ಲುವ ಎಣ್ಣೆ ಹೊಡೆಯಲು ಹೊರಟಿದ್ದರು. ಬೇಡವೆಂದು ಕೈಹಿಡಿದು ಹೇಳಿದೆ. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದು ಹೆಚ್ಚಾಗಿ ನೊಣ ಮತ್ತು ಸಣ್ಣಪುಟ್ಟ ಹುಳ. ಅವು ಸತ್ತರೆ ಕಾಯಿ ಎಲ್ಲಿಂದ ಬರಬೇಕು? ಒಂದು ಗೊಂಚಲಿನಲ್ಲಿ ನೂರಾರು ಹೂ ಇದ್ದರೂ ಒಂದೆರಡು ಕಾಯಿ ನಿಂತರೆ ದೊಡ್ಡದು.

ಹಕ್ಕಿಯ ಗುರುತೂ ಒಂದಿದೆ. ನುಗ್ಗಿ ಹೂವಿಗೆ ಸೂರಕ್ಕಿ ಬರುತ್ತದಲ್ಲ, ಗಂಡಿನ ಎದೆಯ ಮೇಲೆ ಚಳಿಗಾಲವಿಡೀ ಒಂದು ಕಪ್ಪು ಗೀರು ಮಾತ್ರ ಇರುತ್ತದೆ. ಈಗ ಅದು ಗರಿ ಬದಲಿಸುತ್ತಿದೆ. ಅರ್ಧ ಮೈ ಮಾಸಲು, ಅರ್ಧ ಮಿರಿಮಿರಿ ನೀಲಿಗಪ್ಪು, ಮದುವಣಿಗ ಅರ್ಧ ಶೃಂಗಾರ ಮಾಡಿಕೊಂಡು ಹೊರಬಂದ ಹಾಗೆ. ಪೂರ್ತಿ ಮಿಂಚತೊಡಗಿದಾಗ ಗೂಡು ಕಟ್ಟುವ ಕಾಲ ಬಂತು ಅಂತ ತಿಳಿ. ಕೋಗಿಲೆ ಇನ್ನೂ ಗಂಟಲು ಬಿಟ್ಟಿಲ್ಲ. ಹಣ್ಣಿನ ಗುರುತೂ ಒಂದಿದೆ. ಸುರೇಬಾನದ ಹತ್ತಿರ ಶಬರಿಕೊಳ್ಳಕ್ಕೆ ಹೋದ ನಿನ್ನ ಕಾಕಾ ಬಾರಿಹಣ್ಣು ತಂದಿದ್ದಾನೆ. ಶಬರಿ ರಾಮನಿಗೆ ಕೊಟ್ಟ ಹಣ್ಣು ಅಂತ ನೀನು ಚಿಕ್ಕವಳಿದ್ದಾಗ ಬೀಜವನ್ನೂ ಉಗುಳುತ್ತಿರಲಿಲ್ಲ. ಬಾರಿ ಮುಗಿಯುತ್ತ ಬಂದರೆ ಚಳಿಯೂ ಮುಗಿಯಿತು.

ಯುಗಾದಿಗೆ ಬೇವಿನ ಹೂ ಸಿಗುತ್ತದೋ ಇಲ್ಲವೋ ಎಂದು ಪ್ರತಿ ವರ್ಷ ನನ್ನನ್ನು ಕೇಳುತ್ತಿ. ಅದು ಪಂಚಾಂಗದ ಮೇಲೆ ಹೋಗುತ್ತದೆ ತಂಗೀ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೇ ಬಂತು. ನಡುವೆ ಅಧಿಕ ಶ್ರಾವಣ ಬಿದ್ದದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಹೋಯಿತು. ಗಿಡಕ್ಕೆ ತಿಥಿ ತಿಳಿಯದು. ಬಿಸಿಲು, ಥಂಡಿ, ನೆಲದ ಹಸಿ ತಿಳಿಯುತ್ತದೆ. ನಿಮ್ಮ ಮುತ್ಯಾ ಇದನ್ನು ಬಲ್ಲವರು. ಪಂಚಾಂಗದ ಅಂಚಿನಲ್ಲಿ ಯಾವ ದಿನ ಬೇವು ಚಿಗಿಯಿತು, ಯಾವ ದಿನ ಕೋಗಿಲೆ ಕೂಗಿತು ಅಂತ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಹೀಗೆಯೇ ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನದ ದಾಖಲೆ 1,200 ವರ್ಷದಷ್ಟು ಹಿಂದಿನಿಂದ ಸಿಗುತ್ತದಂತೆ. ಅದರಿಂದಲೇ 2021ರ ಹೂ ಅಲ್ಲಿಯವರೆಗಿನ ಎಲ್ಲ ವರ್ಷಕ್ಕಿಂತ ಮೊದಲೇ ಅರಳಿತು, ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಲು ಬಂತು. ನಮ್ಮಲ್ಲೂ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದೆ. ಒಂದು ಗಿಡ ಆರಿಸಿಕೊಂಡು ವಾರವಾರ ಅದರ ಚಿಗುರು, ಹೂ, ಕಾಯಿ ನೋಡಿ ತಿಳಿಸಬೇಕು. ನೀನು ಸೇರಿಕೋ.

ನಿನಗೆ ಹಿತ್ತಲಿಲ್ಲ ಅನ್ನಬೇಡ. ನಿನ್ನ ಬೀದಿಯಲ್ಲಿ ಹೊಂಗೆ ಇದೆಯಲ್ಲ? ಅದೂ ಈಗ ಎಲೆ ಕಳಚಿ, ಇಡೀ ಗಿಡ ಒಮ್ಮೆಗೇ ಎಳೆಹಸಿರಾಗುತ್ತದೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ಬೆಳೆಸಿದವರು. ಅವರ ಹೆಸರಿನ ಊರು ನೇಗಿನಹಾಳ ನಮ್ಮ ಬೈಲಹೊಂಗಲದ ಕಡೆಯದೇ. ಆ ನೆರಳಿನಲ್ಲಿ ಓಡಾಡುವವಳು ನೀನು, ಒಂದು ಗಳಿಗೆ ತಲೆ ಎತ್ತಿ ನೋಡು.

ಬಾಲ್ಕನಿಯ ದುಂಡುಮಲ್ಲಿಗೆಗೆ ಈಗಲೇ ಕತ್ತರಿ ಹಾಕು. ಹಳೆಯ ಕಡ್ಡಿ ಕತ್ತರಿಸಿ, ಕೆಲವು ದಿನ ನೀರು ಕಡಿಮೆ ಮಾಡಿ, ಆಮೇಲೆ ಸೆಗಣಿಗೊಬ್ಬರ ಹಾಕಿ ನೀರುಣಿಸು. ಮೊಗ್ಗು ಬರುವುದು ಹೊಸ ಕುಡಿಯಲ್ಲಿ, ಹಳೆಯದರಲ್ಲಲ್ಲ. ಕರಿಬೇವಿನ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡರೆ ಕೊಲ್ಲಬೇಡ, ಅದು ಚಿಟ್ಟೆಯ ಮರಿ. ನಾಲ್ಕು ಎಲೆ ತಿಂದರೆ ತಿನ್ನಲಿ.

ಯುಗಾದಿಗೆ ಬರುವಾಗ ನೀನು ಬರೆದಿಟ್ಟದ್ದನ್ನು ತಾ, ಮುತ್ಯಾನ ಪಂಚಾಂಗದ ಜೊತೆ ಇಟ್ಟು ನೋಡೋಣ. ಬಸ್ಸು ರಾಮದುರ್ಗಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಮುಂಚಿತವಾಗಿ ತಿಳಿಸು, ಕಾಕಾ ಗಾಡಿ ತರುತ್ತಾನೆ.

ನಿನ್ನ ಪ್ರೀತಿಯ
ಆಯಿ